ಮಳೆಗಾಲದ ಮಲೆನಾಡಲ್ಲಿ ಕ್ಯಾಂಪಿಂಗ್ ಟ್ರೇಲರ್: ಒಳಗಿನ ತೇವಕ್ಕೆ ಏನು ಮಾಡೋದು?

ಆಗುಂಬೆ ಕಡೆ ಟ್ರೇಲರ್ ನಿಲ್ಲಿಸಿ ಮಲಗಿದರೆ ಬೆಳಿಗ್ಗೆ ಕಿಟಕಿ ಗಾಜಿನ ಮೇಲೆ ನೀರು ಇಳಿಯುತ್ತಿರುತ್ತದೆ. ಸೋರುತ್ತಿದೆ ಅಂತ ಸುಮ್ನೆ ಸೀಲೆಂಟ್ ಹಚ್ಚಲು ಹೋಗಬೇಡಿ. ನಮ್ಮ ಉಸಿರು, ಒದ್ದೆ ರೇನ್‌ಕೋಟ್, ಒಲೆ ಇವುಗಳ ಆವಿಯೇ ತಣ್ಣನೆ ಗಾಜಿಗೆ ತಾಗಿ ನೀರಾಗುತ್ತದೆ. 1 ಕೆಜಿ ಗ್ಯಾಸ್ ಉರಿದರೆ ಸುಮಾರು 1.5 ಲೀಟರ್ ನೀರು ಆವಿಯಾಗಿ ಬರುತ್ತದೆ, ಹಾಗಾಗಿ ಅಡುಗೆ ಹೊರಗೆ ಟಾರ್ಪಾಲ್ ಕೆಳಗೇ ಇರಲಿ.

ರಾತ್ರಿ ಚಾವಣಿಯ ವೆಂಟ್, ಒಂದು ಕಿಟಕಿ ಎರಡನ್ನೂ ಎರಡು ಬೆರಳಷ್ಟು ತೆರೆದಿಡಿ. ಹೊರಗೂ ಮಂಜೇ ಅಲ್ವಾ ಅನ್ನಬಹುದು, ಆದರೆ ಜನ ಮಲಗಿದ ಒಳಗಿನ ಗಾಳಿಯಲ್ಲಿ ನೀರಿನಂಶ ಇನ್ನೂ ಜಾಸ್ತಿ. ಚಳಿ ಅಂತ ಕೆಂಡ ಮಾತ್ರ ಒಳಗೆ ತರಲೇಬೇಡಿ, ಕಾರ್ಬನ್ ಮಾನಾಕ್ಸೈಡ್ ಜೀವ ತೆಗೆಯುತ್ತದೆ.

ಎಲ್ಲರೂ ಮರೆಯುವ ಜಾಗ ಹಾಸಿಗೆಯ ಅಡಿ. ಎತ್ತಿ ನೋಡಿ, ಪ್ಲೈವುಡ್ ಮೇಲೆ ಕಪ್ಪು ಚುಕ್ಕೆ ಎದ್ದಿರುತ್ತವೆ, ಮುಗ್ಗಲು ವಾಸನೆ ಬೇರೆ. ಅಲ್ಲಿ ನಯವಾಗಿ ಹೆರೆದ ಅಡಿಕೆ ದಬ್ಬೆಗಳನ್ನು ನಡುವೆ ಸಂದು ಬಿಟ್ಟು ಜೋಡಿಸಿದರೆ ಗಾಳಿ ಆಡುತ್ತದೆ. ದುಬಾರಿ ಮ್ಯಾಟ್‌ಗಿಂತ ನನಗೆ ಇದೇ ಇಷ್ಟ. ತೇವ ಹೀರುವ ಕ್ಯಾಲ್ಸಿಯಂ ಕ್ಲೋರೈಡ್ ಡಬ್ಬಿ ಮುಚ್ಚಿದ ಕಪಾಟಿಗೆ ಸರಿ, ಇಡೀ ಟ್ರೇಲರ್‌ಗೆ ಸಾಲದು. ಗಾಜು ಒರೆಸಿದ ಬಟ್ಟೆಯನ್ನು ಹೊರಗೇ ಹಿಂಡಿ, ಹೊರಗೇ ಒಣಹಾಕಿ.