ದಾರಿ ಬೇಕೆಂದು ಬೇಡಬೇಡಿ, ನಡೆದದ್ದನ್ನು ತೋರಿಸಿ

ಇಂಗ್ಲೆಂಡಿನಲ್ಲಿ ನೆಲೆಸಿರುವ ಕನ್ನಡಿಗರ ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ಆಗಾಗ ಒಂದು ದೂರು ಕೇಳಿಬರುತ್ತದೆ. ಮಕ್ಕಳನ್ನು ಶಾಲೆಗೆ ಕರೆದೊಯ್ಯುತ್ತಿದ್ದ ಹೊಲದಂಚಿನ ಕಾಲುದಾರಿಗೆ ಯಾರೋ ಗೇಟು ನಿಲ್ಲಿಸಿ ಬೀಗ ಜಡಿದಿದ್ದಾರೆ. ಅಂದೇ ಒಂದು ಆನ್‌ಲೈನ್ ಮನವಿ ಹೊರಡುತ್ತದೆ, ನೂರಾರು ಸಹಿ ಬೀಳುತ್ತವೆ, ಕೌನ್ಸಿಲರ್ ಬಂದು ಫೋಟೊ ತೆಗೆಸಿಕೊಳ್ಳುತ್ತಾರೆ. ಗೇಟು ಮಾತ್ರ ಅಲ್ಲಾಡುವುದಿಲ್ಲ.

ಊರಿನಲ್ಲಿ ಬಂಡಿದಾರಿಯ ತಕರಾರು ಬಂದಾಗ ತಹಶೀಲ್ದಾರರಿಗೆ ಅರ್ಜಿ ಬರೆದ ಅಭ್ಯಾಸ ನಮ್ಮದು. ಕಷ್ಟವನ್ನು ಎಷ್ಟು ಮನಮುಟ್ಟುವಂತೆ ಹೇಳುತ್ತೇವೋ ಅಷ್ಟು ಒಳ್ಳೆಯದು ಎಂದುಕೊಳ್ಳುತ್ತೇವೆ. ಇಲ್ಲಿ ಆ ಮಾತಿಗೆ ಕಾಸಿನ ಬೆಲೆಯಿಲ್ಲ. ಇಲ್ಲಿನ ಕಾನೂನು ಕೌನ್ಸಿಲ್ ಮುಂದಿಡುವ ಪ್ರಶ್ನೆ ಒಂದೇ: ಆ ಜಾಗದಲ್ಲಿ ಸಾರ್ವಜನಿಕರಿಗೆ ನಡೆಯುವ ಹಕ್ಕು ಈಗಾಗಲೇ ಇದೆಯೋ ಇಲ್ಲವೋ? ದಾರಿಯ ಅಗತ್ಯ, ಸುರಕ್ಷತೆ, ಸುತ್ತುಬಳಸಿನ ತೊಂದರೆ ಯಾವುದೂ ಲೆಕ್ಕಕ್ಕೆ ಬರುವುದಿಲ್ಲ. ಮಾಲೀಕರ ಖಾಸಗಿತನದ ಅಳಲೂ ಬರುವುದಿಲ್ಲ ಎನ್ನುವುದು ನಮಗೊಂದು ಸಮಾಧಾನ.

ಮೊದಲು ಯಾರ ಬಾಗಿಲು?

ಪ್ಯಾರಿಷ್ ಕೌನ್ಸಿಲ್ ಅಲ್ಲ, ಡಿಸ್ಟ್ರಿಕ್ಟ್ ಕೌನ್ಸಿಲ್ಲೂ ಅಲ್ಲ. ಕೌಂಟಿ ಕೌನ್ಸಿಲ್, ಇಲ್ಲವೇ ನಿಮ್ಮದು ಯೂನಿಟರಿ (ಒಂದೇ ಕೌನ್ಸಿಲ್ ಎಲ್ಲವನ್ನೂ ನೋಡಿಕೊಳ್ಳುವ) ಪ್ರದೇಶವಾಗಿದ್ದರೆ ಆ ಕೌನ್ಸಿಲ್. ಅಲ್ಲಿ ‘ರೈಟ್ಸ್ ಆಫ್ ವೇ’ ವಿಭಾಗ ಎಂದು ಕೇಳಿ.

ಡೆಫಿನಿಟಿವ್ ಮ್ಯಾಪ್ ನೋಡಿ

1949ರ ನ್ಯಾಷನಲ್ ಪಾರ್ಕ್ಸ್ ಕಾಯಿದೆಯಿಂದ ಶುರುವಾದ ವ್ಯವಸ್ಥೆಯಂತೆ ಇಂಥ ಪ್ರತಿ ಕೌನ್ಸಿಲ್ಲೂ ಸಾರ್ವಜನಿಕ ದಾರಿಗಳ ಅಧಿಕೃತ ನಕಾಶೆ ಇಡಬೇಕು. ಲಂಡನ್ನಿನ ಒಳಭಾಗದ ಬರೋಗಳಿಗೆ ಮಾತ್ರ ಈ ಕಡ್ಡಾಯವಿಲ್ಲ. ನಿಮ್ಮ ದಾರಿ ಅದರಲ್ಲಿದ್ದರೆ ಏನನ್ನೂ ಸಾಬೀತುಪಡಿಸಬೇಕಿಲ್ಲ, ಅಡಚಣೆಯ ದೂರು ಕೊಟ್ಟರೆ ಸಾಕು. ಇಲ್ಲದಿದ್ದರೆ ಆ ನಕಾಶೆಯನ್ನು ತಿದ್ದುವ ಆದೇಶಕ್ಕಾಗಿ 1981ರ ವೈಲ್ಡ್‌ಲೈಫ್ ಆ್ಯಂಡ್ ಕಂಟ್ರಿಸೈಡ್ ಕಾಯಿದೆಯಡಿ ಅರ್ಜಿ ಹಾಕಬೇಕು. ವೆಬ್‌ಸೈಟಿನಲ್ಲಿ ಕಾಣುವುದು ಬಳಕೆಯ ಪ್ರತಿ ಅಷ್ಟೇ, ಮೂಲವನ್ನು ಕಚೇರಿಗೆ ಹೋಗಿ ನೋಡಿ.

ಬೀಗ ಬಿದ್ದ ದಿನ

ಹೈವೇಸ್ ಆ್ಯಕ್ಟ್ 1980ರ 31ನೇ ಸೆಕ್ಷನ್ ಹೇಳುವುದು ಇಷ್ಟು: ಜನರು ಹಕ್ಕಿನಿಂದೆಂಬಂತೆ, ಅಡೆತಡೆಯಿಲ್ಲದೆ 20 ವರ್ಷ ನಡೆದಿದ್ದರೆ ಮಾಲೀಕರು ಆ ದಾರಿಯನ್ನು ಸಾರ್ವಜನಿಕರಿಗೆ ಬಿಟ್ಟುಕೊಟ್ಟಿದ್ದಾರೆ ಎಂದು ಭಾವಿಸಬೇಕು. ಬಿಟ್ಟುಕೊಡುವ ಇರಾದೆ ಇರಲಿಲ್ಲವೆಂದು ಮಾಲೀಕರು ತೋರಿಸಿದರೆ ಮಾತು ಬೇರೆ. ಈ 20 ವರ್ಷವನ್ನು ಇಂದಿನಿಂದ ಎಣಿಸುವುದಲ್ಲ. ಜನರ ಹಕ್ಕನ್ನು ಯಾರಾದರೂ ಮೊದಲು ಪ್ರಶ್ನಿಸಿದ ದಿನದಿಂದ, ಅಂದರೆ ಬೀಗವೋ ಫಲಕವೋ ಬಂದ ದಿನದಿಂದ ಹಿಂದಕ್ಕೆ ಎಣಿಸಬೇಕು. ಹಾಗಾಗಿ ಗೇಟು ಕಂಡೊಡನೆ ಬೀಗದ, ಫಲಕದ ಫೋಟೊ ತೆಗೆದಿಡಿ. ಮಾಲೀಕರು ಸದ್ದಿಲ್ಲದೆ ಕೌನ್ಸಿಲ್‌ಗೆ ನಕಾಶೆ ಮತ್ತು ಘೋಷಣೆ ಸಲ್ಲಿಸಿ, ‘ಇಲ್ಲಿ ಬೇರೆ ಸಾರ್ವಜನಿಕ ದಾರಿ ಇಲ್ಲ’ ಎಂದು ಎಂದೋ ಬರೆದುಕೊಟ್ಟಿರಲೂಬಹುದು. ಆಗ ನಿಮ್ಮ 20 ವರ್ಷ ಆ ಘೋಷಣೆಗಿಂತ ಹಿಂದೆ ಮುಗಿದಿರಬೇಕು. ಇವುಗಳ ರಿಜಿಸ್ಟರ್ ಕೌನ್ಸಿಲ್‌ನಲ್ಲಿರುತ್ತದೆ, ಅದನ್ನು ನೋಡದೆ ಒಂದು ಹಾಳೆಯನ್ನೂ ತುಂಬಬೇಡಿ.

ಸಾಕ್ಷ್ಯದ ಫಾರ್ಮು: ಎಡವುವುದು ಇಲ್ಲಿಯೇ

ದಾರಿ ಬಳಸಿದ ಪ್ರತಿಯೊಬ್ಬರೂ ‘ಯೂಸರ್ ಎವಿಡೆನ್ಸ್’ ಫಾರ್ಮು ತುಂಬಬೇಕು. ಗಂಡ ಹೆಂಡತಿ ಸೇರಿ ಒಂದೇ ತುಂಬುವುದು ಬೇಡ. ಇಬ್ಬರೂ ಒಂದೇ ದಿನ, ಒಂದೇ ಹೊತ್ತಿಗೆ ನಡೆದಿರುವುದಿಲ್ಲ.

‘ಬಹಳ ವರ್ಷಗಳಿಂದ ನಿಯಮಿತವಾಗಿ ಬಳಸುತ್ತಿದ್ದೇನೆ’ ಎಂದು ಬರೆದ ಫಾರ್ಮುಗಳನ್ನು ಕಟ್ಟುಗಟ್ಟಲೆ ನೋಡಿದ್ದೇನೆ. ಅವುಗಳಿಂದ ಏನೂ ತಿಳಿಯುವುದಿಲ್ಲ. ಹೀಗೆ ಬರೆಯಬೇಕು: ‘2003ರ ಸೆಪ್ಟೆಂಬರ್‌ನಿಂದ 2011ರ ಜುಲೈವರೆಗೆ, ಶಾಲೆಯಿದ್ದ ದಿನಗಳಲ್ಲಿ ಬೆಳಿಗ್ಗೆ ಮತ್ತು ಸಂಜೆ. ಚರ್ಚಿನ ಹಿಂದಿನ ದಣಪೆ ದಾಟಿ, ಬೇಲಿಯನ್ನು ಎಡಕ್ಕಿಟ್ಟುಕೊಂಡು, ಹಳ್ಳದ ಹಲಗೆಯ ಮೇಲೆ ಹಾದು ಶಾಲೆಯ ಹಿಂಬಾಗಿಲಿಗೆ. ಮಳೆಗಾಲದಲ್ಲಿ ಹಲಗೆ ಮುಳುಗಿದಾಗ ರಸ್ತೆಯಲ್ಲಿ ಹೋಗುತ್ತಿದ್ದೆವು.’ ಕೊನೆಯ ವಾಕ್ಯ ನಿಮ್ಮ ವಿರುದ್ಧ ಹೋಗುತ್ತದೆ ಎಂದು ಹೆದರಿ ಬಿಡಬೇಡಿ. ವರ್ಷದ ಎಲ್ಲ ದಿನವೂ ನಡೆದೆ ಎನ್ನುವವರನ್ನು ಯಾರೂ ನಂಬುವುದಿಲ್ಲ, ಹಲಗೆ ಮುಳುಗಿದ್ದನ್ನು ನೆನಪಿಟ್ಟವರನ್ನು ನಂಬುತ್ತಾರೆ.

ಫಾರ್ಮಿನೊಂದಿಗೆ ನಕಾಶೆ ಇರುತ್ತದೆ, ಅದರ ಮೇಲೆ ತಾವು ನಡೆದ ಗೆರೆಯನ್ನು ಪ್ರತಿಯೊಬ್ಬರೂ ತಾವೇ ಎಳೆಯಬೇಕು. ಉತ್ಸಾಹಿ ಸಂಘಟಕರು ಮುಂಚೆಯೇ ಕೆಂಪು ಗೆರೆ ಎಳೆದು, ಜೆರಾಕ್ಸ್ ಮಾಡಿ ಹಂಚಿಬಿಡುತ್ತಾರೆ. ಎಲ್ಲರ ಗೆರೆಯೂ ಒಂದೇ ಕಡೆ ಒಂದೇ ರೀತಿ ಬಾಗಿದ್ದು ಕಂಡರೆ ಮಾಲೀಕರ ಬ್ಯಾರಿಸ್ಟರ್ ಕೇಳುವ ಮೊದಲ ಪ್ರಶ್ನೆ, ‘ಇದನ್ನು ಎಳೆದವರು ಯಾರು?’ ಒಬ್ಬರ ಗೆರೆ ಸ್ವಲ್ಪ ಆಚೀಚೆ ಇದ್ದರೆ ಇರಲಿ. ಆದರೆ ಎಲ್ಲರದೂ ಹೊಲದ ತುಂಬ ಚೆದರಿದ್ದರೆ ಅದು ದಾರಿಯಾಗುವುದಿಲ್ಲ. ದಾರಿಗೆ ಗುರುತಿಸಬಹುದಾದ ಒಂದು ಗೆರೆ ಬೇಕು.

ಇನ್ನು ‘ಹಕ್ಕಿನಿಂದೆಂಬಂತೆ’ ಎನ್ನುವುದು. ಬಲವಂತವಿಲ್ಲದೆ, ಕದ್ದುಮುಚ್ಚದೆ, ಅನುಮತಿಯಿಲ್ಲದೆ ಎಂದು ಇದರ ಅರ್ಥ. ಬೀಗ ಹಾಕಿದ ಗೇಟನ್ನು ಹತ್ತಿಳಿದು ಹೋದದ್ದು, ಬೇಲಿ ಕತ್ತರಿಸಿದ್ದು ಬಲವಂತ. ‘ಖಾಸಗಿ, ಪ್ರವೇಶವಿಲ್ಲ’ ಎಂಬ ಫಲಕವನ್ನು ಲೆಕ್ಕಿಸದೆ ನಡೆದದ್ದಕ್ಕೂ ಅದೇ ಗತಿ. ನಮ್ಮವರನ್ನು ಹೆಚ್ಚಾಗಿ ಕೆಡಿಸುವುದು ಮೂರನೆಯದು, ಅನುಮತಿ. ಸೌಜನ್ಯಕ್ಕೆಂದು ಹೊಲದ ಮಾಲೀಕರನ್ನು ‘ಇಲ್ಲಿ ಓಡಾಡಬಹುದೇ?’ ಎಂದು ಕೇಳಿರುತ್ತೇವೆ, ದೀಪಾವಳಿ ಪಟಾಕಿಗೋ ರಾಜ್ಯೋತ್ಸವದ ಊಟಕ್ಕೋ ಪತ್ರ ಬರೆದು ಒಪ್ಪಿಗೆ ಪಡೆದಿರುತ್ತೇವೆ. ಮಾಲೀಕರ ವಕೀಲರು ಕಡತದಿಂದ ಹೊರತೆಗೆಯುವುದು ಆ ಪತ್ರವನ್ನೇ. ಆದರೆ ಮಾಲೀಕರು ನೋಡಿಯೂ ಸುಮ್ಮನಿದ್ದುದು ಅನುಮತಿಯಲ್ಲ. 1999ರ ಸನ್ನಿಂಗ್‌ವೆಲ್ ಪ್ರಕರಣದಲ್ಲಿ ಆಗಿನ ಅತ್ಯುನ್ನತ ನ್ಯಾಯಾಲಯವಾಗಿದ್ದ ಹೌಸ್ ಆಫ್ ಲಾರ್ಡ್ಸ್ ಇದನ್ನು ಸ್ಪಷ್ಟಪಡಿಸಿತು. ನಡೆಯುವವರ ಮನಸ್ಸಿನಲ್ಲಿ ಹಕ್ಕಿನ ಭಾವನೆ ಇರಬೇಕಿತ್ತೇ ಎಂಬ ಹಳೆಯ ಗೊಂದಲವೂ ಅಲ್ಲಿಗೆ ಮುಗಿಯಿತು. ಹಾಗಾಗಿ ‘ಅದು ಸಾರ್ವಜನಿಕ ದಾರಿಯೆಂದೇ ಅಂದುಕೊಂಡಿದ್ದೆ’ ಎಂದು ಪುಟಗಟ್ಟಲೆ ಬರೆಯುವ ಅಗತ್ಯವಿಲ್ಲ.

ಗೇಟು, ಫಲಕ, ಯಾರಾದರೂ ತಡೆದದ್ದು: ಈ ಕಾಲಂಗಳಲ್ಲಿ ಇದ್ದದ್ದನ್ನು ಇದ್ದ ಹಾಗೆ ಬರೆಯಿರಿ. ಗೇಟು ಇದ್ದ ಮಾತ್ರಕ್ಕೆ ದಾವೆ ಬಿದ್ದುಹೋಗುವುದಿಲ್ಲ. ದನ ಹೊರಹೋಗದಂತೆ ಹಾಕಿದ, ಬೀಗವಿಲ್ಲದ ಗೇಟಿನಿಂದ ತೊಂದರೆಯಿಲ್ಲ. ‘ಗೇಟೇ ಇರಲಿಲ್ಲ’ ಎಂದು ಬರೆದು, ಹಳೆಯ ಫೋಟೊದಲ್ಲಿ ಅದು ಕಾಣಿಸಿಕೊಂಡರೆ ಮಾತ್ರ ಮುಖಭಂಗ.

ಒಬ್ಬರೇ 20 ವರ್ಷ ನಡೆದಿರಬೇಕಾಗಿಲ್ಲ. ಒಬ್ಬರ ಆರು ವರ್ಷ, ಇನ್ನೊಬ್ಬರ ಒಂಬತ್ತು ವರ್ಷ ಕೂಡುತ್ತವೆ. ಇಷ್ಟೇ ಜನರಿರಬೇಕೆಂಬ ಸಂಖ್ಯೆಯೂ ಕಾನೂನಿನಲ್ಲಿಲ್ಲ. ಕೌನ್ಸಿಲ್ ಅಧಿಕಾರಿ ಹೆಸರುಗಳ ಎದುರು ವರ್ಷಗಳ ಪಟ್ಟಿ ಎಳೆದು ನೋಡುತ್ತಾರೆ. ನೀವೂ ಮೊದಲೇ ಎಳೆದುಕೊಳ್ಳಿ, ಯಾವ ವರ್ಷ ಖಾಲಿಯಿದೆ ಎಂಬುದು ಕಣ್ಣಿಗೆ ಬೀಳುತ್ತದೆ. ಖಾಲಿ ಬಿದ್ದ ಹಳೆಯ ವರ್ಷಗಳಿಗೆ, ನಿವೃತ್ತರಾಗಿ ಮೈಸೂರಿಗೋ ಧಾರವಾಡಕ್ಕೋ ಮರಳಿದವರನ್ನು ಹುಡುಕಿ. ಅವರು ಅಲ್ಲಿಂದಲೇ ಫಾರ್ಮು ತುಂಬಿ ಕಳುಹಿಸಬಹುದು. ವಿಚಾರಣೆಗೆ ಬಂದು ಪ್ರಶ್ನೆಗಳನ್ನು ಎದುರಿಸಿದವರ ಮಾತಿಗೆ ತೂಕ ಹೆಚ್ಚು, ನಿಜ. ಆದರೂ ಖಾಲಿ ವರ್ಷಕ್ಕಿಂತ ಅಂಚೆಯಲ್ಲಿ ಬಂದ ಫಾರ್ಮು ಲೇಸು. ಮಾಲೀಕರ ಬಾಡಿಗೆದಾರರು, ಕೆಲಸದವರನ್ನು ಸೇರಿಸಬೇಡಿ, ಅವರು ನಡೆದದ್ದು ಸಾರ್ವಜನಿಕರಾಗಿ ಅಲ್ಲ.

ಹಳೆಯ ನಕಾಶೆಗಳು

ಟೈಥ್ (ಚರ್ಚಿನ ದಶಾಂಶ ತೆರಿಗೆಯ) ನಕಾಶೆ, ಇನ್‌ಕ್ಲೋಷರ್ (ಸಾಮುದಾಯಿಕ ಜಮೀನನ್ನು ಹಂಚಿ ಬೇಲಿ ಹಾಕಿದ) ದಾಖಲೆ, ಜಮೀನಿನ ತೆರಿಗೆಗಾಗಿ ತಯಾರಿಸಿದ 1910ರ ಫೈನಾನ್ಸ್ ಆ್ಯಕ್ಟ್ ನಕಾಶೆಗಳು ಸಿಕ್ಕರೆ 20 ವರ್ಷದ ಗೊಡವೆಯೇ ಇಲ್ಲದೆ ಗೆಲ್ಲಬಹುದು. ಕೌಂಟಿಯ ದಾಖಲೆ ಭಂಡಾರದಲ್ಲಿ ಕೇಳಿ. ಚೌಕಟ್ಟು ಹಾಕಿಸಿ ಮಾರುವ ‘ನಿಮ್ಮ ಊರಿನ ಹಳೆಯ ನಕಾಶೆ’ಗೆ ದುಡ್ಡು ಸುರಿಯಬೇಡಿ. ಅಳತೆಯೂ ಅಸ್ಪಷ್ಟ, ಪ್ರಕಟಣೆಯ ವರ್ಷವೂ ಕತ್ತರಿಸಿಹೋಗಿರುತ್ತದೆ. ನ್ಯಾಷನಲ್ ಲೈಬ್ರರಿ ಆಫ್ ಸ್ಕಾಟ್ಲೆಂಡ್ ತನ್ನ ಜಾಲತಾಣದಲ್ಲಿ ಇಂಗ್ಲೆಂಡಿನ ಹಳೆಯ ಆರ್ಡ್‌ನೆನ್ಸ್ ಸರ್ವೇ ಹಾಳೆಗಳನ್ನೂ ಉಚಿತವಾಗಿ ತೋರಿಸುತ್ತದೆ. ಆ ಹಾಳೆಗಳು ದಾರಿ ಇತ್ತು ಎಂದು ಹೇಳುತ್ತವೆಯೇ ಹೊರತು ಹಕ್ಕಿತ್ತು ಎಂದಲ್ಲ.

ಸಲ್ಲಿಕೆ, ಆಮೇಲಿನ ಕಾಯುವಿಕೆ

ಅರ್ಜಿ, 1:25,000ಕ್ಕಿಂತ ಚಿಕ್ಕದಲ್ಲದ ಅಳತೆಯ ನಕಾಶೆ, ಸಾಕ್ಷ್ಯದ ಪ್ರತಿಗಳು, ಮಾಲೀಕರಿಗೆ ನೋಟಿಸ್ ಕೊಟ್ಟ ಪ್ರಮಾಣಪತ್ರ. ಶುಲ್ಕವಿಲ್ಲ. 12 ತಿಂಗಳಾದರೂ ತೀರ್ಮಾನ ಬಾರದಿದ್ದರೆ ಕೌನ್ಸಿಲ್‌ಗೆ ಗಡುವು ವಿಧಿಸುವಂತೆ ಸರ್ಕಾರವನ್ನು ಕೋರಬಹುದು, ಅದನ್ನು ನೋಡಿಕೊಳ್ಳುವುದು ಪ್ಲಾನಿಂಗ್ ಇನ್‌ಸ್ಪೆಕ್ಟರೇಟ್. ಕೌನ್ಸಿಲ್ ನಿರಾಕರಿಸಿದರೆ ಮೇಲ್ಮನವಿಗೆ 28 ದಿನ. ಆದೇಶ ಹೊರಡಿಸಿದರೆ ಆಕ್ಷೇಪಣೆಗೆ ಕನಿಷ್ಠ 42 ದಿನ, ಆಕ್ಷೇಪಣೆ ಬಂದರೆ ಇನ್‌ಸ್ಪೆಕ್ಟರ್ ವಿಚಾರಣೆ. ಆದೇಶ ಹೊರಡಿಸಲು ಹಕ್ಕು ‘ಇದೆಯೆಂದು ಹೇಳುವುದು ಸಮಂಜಸ’ ಎನಿಸಿದರೂ ಸಾಕು, ಅದನ್ನು ಖಾಯಂ ಮಾಡಲು ಮಾತ್ರ ಹಕ್ಕು ಇರುವ ಸಂಭವವೇ ಹೆಚ್ಚೆಂದು ಕಾಣಬೇಕು. ಮೊದಲ ಗೆಲುವಿಗೇ ಸಿಹಿ ಹಂಚಬೇಡಿ.

ವಿಲೇಜ್ ಗ್ರೀನ್ ಬೇರೆಯೇ ಆಟ

ದಾರಿಯಲ್ಲ, ಇಡೀ ಬಯಲು ಉಳಿಯಬೇಕೆಂದರೆ ಅದನ್ನು ವಿಲೇಜ್ ಗ್ರೀನ್ (ಊರವರಿಗೆ ಆಡುವ ಹಕ್ಕಿರುವ ಬಯಲು) ಎಂದು ನೋಂದಾಯಿಸಬೇಕು, ಅದಕ್ಕಿರುವುದು ಕಾಮನ್ಸ್ ಆ್ಯಕ್ಟ್ 2006ರ 15ನೇ ಸೆಕ್ಷನ್. ಇಲ್ಲಿಯೂ 20 ವರ್ಷ, ಆದರೆ ಊರಿನ ಅಥವಾ ನೆರೆಹೊರೆಯ ಗಣನೀಯ ಸಂಖ್ಯೆಯ ನಿವಾಸಿಗಳು ಅಲ್ಲಿ ಆಟ ವಿನೋದಗಳಲ್ಲಿ ತೊಡಗಿರಬೇಕು. ನಾಯಿ ಅಡ್ಡಾಡಿಸುವುದು, ಗಾಳಿಪಟ, ಮಕ್ಕಳ ಕ್ರಿಕೆಟ್ ಎಲ್ಲವೂ ಸಲ್ಲುತ್ತದೆ. ಅಂಚಿನ ಗೆರೆಯಲ್ಲೇ ನಡೆದುಹೋದದ್ದು ಮಾತ್ರ ಸಲ್ಲುವುದಿಲ್ಲ, ಅದು ದಾರಿಯ ಲೆಕ್ಕಕ್ಕೆ ಹೋಗುತ್ತದೆ. ಹುಲ್ಲೇ ಇರಬೇಕೆಂದಿಲ್ಲ. ಎಸೆಕ್ಸ್‌ನ ಮಿಸ್ಟ್ಲಿ ಬಂದರಿನ ಕಟ್ಟೆಯ ಒಂದು ಭಾಗ ಗ್ರೀನ್ ಎಂದು ನೋಂದಣಿಯಾದದ್ದನ್ನು 2021ರಲ್ಲಿ ಸುಪ್ರೀಂ ಕೋರ್ಟ್ ಎತ್ತಿಹಿಡಿಯಿತು. ಇದಕ್ಕೆ ವ್ಯತಿರಿಕ್ತವಾಗಿ, ಕೌನ್ಸಿಲ್ಲೇ ಜನರ ಆಟಕ್ಕೆಂದು ಒದಗಿಸಿದ ಮೈದಾನಕ್ಕೆ ಅರ್ಜಿ ಹಾಕುವುದು ವ್ಯರ್ಥ. ವಿಟ್ಬಿಯ ಆಟದ ಬಯಲಿನ 2014ರ ಬಾರ್ಕಸ್ ಪ್ರಕರಣ ಬಿದ್ದುಹೋದದ್ದು ಇದೇ ಕಾರಣಕ್ಕೆ. ಕಾನೂನೇ ಕೊಟ್ಟ ಹಕ್ಕಿನಿಂದ ಆಡಿದವರು ‘ಹಕ್ಕಿನಿಂದೆಂಬಂತೆ’ ಆಡಿದವರಲ್ಲ. ಶಾಲೆ, ಆಸ್ಪತ್ರೆ, ಬಂದರಿಗೆಂದು ಶಾಸನಬದ್ಧವಾಗಿ ಹೊಂದಿರುವ ಜಮೀನಿನಲ್ಲೂ ಇತ್ತೀಚಿನ ತೀರ್ಪುಗಳು ಗ್ರೀನ್ ಕೇಳುವ ಅವಕಾಶವನ್ನು ಕಿರಿದಾಗಿಸಿವೆ.

ಇಂಗ್ಲೆಂಡಿನಲ್ಲಿ 2013ರಿಂದೀಚೆಗೆ, ಆ ಜಾಗದಲ್ಲಿ ಕಟ್ಟಡಕ್ಕೆ ಪ್ಲಾನಿಂಗ್ ಅರ್ಜಿ ಬಿದ್ದು ಪ್ರಕಟವಾದ ಕೂಡಲೇ ಗ್ರೀನ್ ಕೇಳುವ ಹಕ್ಕು ಅಮಾನತಿನಲ್ಲಿರುತ್ತದೆ. ಬುಲ್ಡೋಜರ್ ಬಂದ ಮೇಲೆ ಸಭೆ ಸೇರುವವರಿಗೆ ಅರ್ಥವಾಗದಿರುವುದು ಇದೇ. ಬಳಕೆ ನಿಂತಿದ್ದರೆ ಅರ್ಜಿಗೆ ಒಂದೇ ವರ್ಷ ಅವಕಾಶ. ದೊಡ್ಡ ತಕರಾರಾದರೆ ಕೌನ್ಸಿಲ್ ಹೊರಗಿನ ಬ್ಯಾರಿಸ್ಟರ್ ಒಬ್ಬರಿಂದ ವಿಚಾರಣೆ ನಡೆಸಿ, ಅವರ ವರದಿಯ ಮೇಲೆ ಸಮಿತಿಯಲ್ಲಿ ತೀರ್ಮಾನಿಸುತ್ತದೆ. ತೀರ್ಮಾನ ನಿಮ್ಮ ವಿರುದ್ಧ ಬಂದರೆ ದಾರಿ ಪ್ರಕರಣದಂತೆ ಮೇಲ್ಮನವಿಯ ಮೆಟ್ಟಿಲಿಲ್ಲ. ಹೈಕೋರ್ಟಿನಲ್ಲಿ ನ್ಯಾಯಾಂಗ ಪರಾಮರ್ಶೆ ಕೋರಬೇಕು. ಅದಕ್ಕೆ ಹೆಚ್ಚೆಂದರೆ ಮೂರು ತಿಂಗಳು, ಮತ್ತು ಆ ಹಂತಕ್ಕೆ ವಕೀಲರಿಲ್ಲದೆ ಹೋಗಬೇಡಿ.