ಹ್ಯಾಂಡಲ್ ಮೇಲೆ ಜಾಗ ಹುಡುಕಿದ್ದು

ದೀಪ, ಬೆಲ್, ಕನ್ನಡಿ, ಮೊಬೈಲ್ ಹೋಲ್ಡರ್, ಒಂದು ಜೊತೆ ಬಾರ್ ಎಂಡ್ (ಹ್ಯಾಂಡಲ್ ತುದಿಗೆ ಕಟ್ಟುವ ಕೊಂಬಿನಂಥ ಹಿಡಿ). ಎಲ್ಲವನ್ನೂ ವರಾಂಡದಲ್ಲಿ ಹರಡಿಕೊಂಡು ಕುಳಿತಾಗ ಹೆಂಡತಿ ಕೇಳಿದಳು: "ಇಷ್ಟನ್ನೂ ಎಲ್ಲಿ ಕಟ್ಟುತ್ತೀರಿ?" ನನ್ನ ಮೌಂಟನ್ ಬೈಕ್ ಸೈಕಲ್ಲಿನ ಹ್ಯಾಂಡಲ್ 720 ಮಿ.ಮೀ. ಉದ್ದವಿದೆ. ಜಾಗಕ್ಕೇನು ಬರ ಎಂದುಕೊಂಡಿದ್ದೆ.

ಟೇಪು ಹಿಡಿದಾಗ ಗೊತ್ತಾಯಿತು. ಗ್ರಿಪ್‌ಗಳಿಗೆ ತಲಾ 130 ಮಿ.ಮೀ. ಹೋಯಿತು. ಬ್ರೇಕ್ ಲಿವರ್, ಗೇರ್ ಶಿಫ್ಟರ್ ತಮ್ಮ ಪಾಲು ಪಡೆದವು, ನಡುವನ್ನು ಸ್ಟೆಮ್, ಅಂದರೆ ಹ್ಯಾಂಡಲನ್ನು ಸೈಕಲ್ಲಿಗೆ ಜೋಡಿಸುವ ತುಂಡು, ಹಿಡಿದುಕೊಂಡಿತ್ತು. ಉಳಿದದ್ದೂ ಒಂದೇ ದಪ್ಪವಲ್ಲ: ಸ್ಟೆಮ್ ಬಳಿ ವ್ಯಾಸ 31.8 ಮಿ.ಮೀ., ಗ್ರಿಪ್ ಬಳಿ 22.2. ನಡುವೆ ಕೊಳವೆ ಸಪೂರವಾಗುತ್ತಾ ಹೋಗುತ್ತದೆ. ಅಲ್ಲಿ ಯಾವ ಕ್ಲ್ಯಾಂಪೂ ನೆಟ್ಟಗೆ ಕೂರುವುದಿಲ್ಲ. ನಾನು ದೀಪವನ್ನು ಕಟ್ಟಿದ್ದು ಸರಿಯಾಗಿ ಅಲ್ಲಿಯೇ! ನಂದಿ ಬೆಟ್ಟಕ್ಕೆಂದು ಬೆಳಗಿನ ನಾಲ್ಕಕ್ಕೆ ಹೊರಟಾಗ ಮೊದಲ ಹಂಪ್‌ಗೇ ಅದು ತಲೆ ತಗ್ಗಿಸಿತು. ನನ್ನ ಮುಂದಿನ ಟೈರನ್ನು ಅಷ್ಟು ಸ್ಪಷ್ಟವಾಗಿ ನಾನೆಂದೂ ನೋಡಿರಲಿಲ್ಲ.

ಮರುದಿನ ಎಲ್ಲವನ್ನೂ ಬಿಚ್ಚಿ, ಹೊರತುದಿಯಿಂದ ಒಳಕ್ಕೆ ಬರುತ್ತಾ ಜೋಡಿಸಿದೆ. ಬಾರ್ ಎಂಡ್ ಬೇಕಾಗಿದ್ದು ಏರಿಗೆ. ಒಂದೇ ಹಿಡಿತದಲ್ಲಿ ಗಂಟೆಗಟ್ಟಲೆ ತುಳಿದರೆ ನನ್ನ ಅಂಗೈ ಜೋಮು ಹಿಡಿಯುತ್ತದೆ. ಅದಕ್ಕೆ ತುದಿಯಲ್ಲಿ ಸುಮಾರು ಎರಡು ಸೆಂ.ಮೀ. ಬೇಕು, ಅಂದರೆ ಗ್ರಿಪ್, ಲಿವರ್, ಶಿಫ್ಟರ್ ಎಲ್ಲವೂ ಅಷ್ಟು ಒಳಕ್ಕೆ ಸರಿಯಬೇಕು. (ನನ್ನದು ಅಲ್ಯೂಮಿನಿಯಂ ಹ್ಯಾಂಡಲ್. ಕಾರ್ಬನ್‌ನದಾದರೆ ತಯಾರಕರು ಬಾರ್ ಎಂಡ್‌ಗೆ ಒಪ್ಪಿದ್ದಾರೆಯೇ ಎಂದು ಮೊದಲು ನೋಡಿಕೊಳ್ಳಿ. ಬಿಗಿದರೆ ಬಿರುಕು ಬಿಡಬಹುದು.)

ರಬ್ಬರ್ ಗ್ರಿಪ್ ಸರಿಸಲು ಪಾತ್ರೆ ತೊಳೆಯುವ ಸೋಪಿನ ನೀರು ಬಿಟ್ಟೆ. ಸಲೀಸಾಗಿ ಜಾರಿತು, ಆಮೇಲೂ ಎರಡು ದಿನ ಜಾರುತ್ತಲೇ ಇತ್ತು. ಬ್ರೇಕ್ ಹಿಡಿಯುವ ಹೊತ್ತಿಗೆ ಗ್ರಿಪ್ ಗಿರ್ರನೆ ತಿರುಗಿದರೆ ಎದೆ ಝಲ್ಲೆನ್ನುತ್ತದೆ. ಕೊನೆಗೆ ಸೋಪನ್ನೆಲ್ಲ ತೊಳೆದು, ಔಷಧದ ಅಂಗಡಿಯ ಸ್ಪಿರಿಟ್ ಹಾಕಿ ಮತ್ತೆ ಕೂರಿಸಿದೆ. ಸ್ಪಿರಿಟ್ ಆರಿಹೋಗುತ್ತದೆ, ಗ್ರಿಪ್ ಕಚ್ಚಿಕೊಳ್ಳುತ್ತದೆ.

ಲಿವರ್‌ನ ಕೋನವನ್ನು ಸೀಟಿನ ಮೇಲೆ ಕುಳಿತೇ ನೋಡಬೇಕು. ಬೆರಳು ಲಿವರ್ ಮೇಲಿಟ್ಟಾಗ ಮಣಿಕಟ್ಟು ಮಡಚದೆ ಮುಂಗೈಯ ನೇರಕ್ಕೆ ಬರಬೇಕು. ಬಿಗಿಯುವ ಮುನ್ನ ಹ್ಯಾಂಡಲನ್ನು ಎರಡೂ ಕಡೆ ಪೂರ್ತಿ ತಿರುಗಿಸಿದೆ. ಎಡಕ್ಕೆ ತಿರುಗಿಸಿದಾಗ ಗೇರಿನ ಕೇಬಲ್ ತಂತಿಯಂತೆ ಸೆಟೆದುಕೊಂಡಿತು. ಹಿಡಿದಿದ್ದ ಪ್ಲಾಸ್ಟಿಕ್ ಪಟ್ಟಿಯನ್ನು ಕತ್ತರಿಸಿ ಸಡಿಲ ಬಿಟ್ಟೆ.

ಕನ್ನಡಿ ಬಲಗಡೆಗೆ, ವಾಹನಗಳು ನಮ್ಮನ್ನು ಹಿಂದೆ ಹಾಕುವುದು ಆ ಕಡೆಯಿಂದಲೇ ಅಲ್ಲವೇ? ಅದರ ಬಿರಡೆ ಕೊಳವೆಯ ಒಳಗೆ ಕೂರುತ್ತದೆ, ಬಾರ್ ಎಂಡ್ ಹೊರಗೆ ಅಪ್ಪಿಕೊಳ್ಳುತ್ತದೆ. ನನ್ನ ಬಾರ್ ಎಂಡ್ ತೂತು ತೆರೆದಿರುವ ಬಗೆಯದಾದ್ದರಿಂದ ಒಂದೇ ತುದಿಯಲ್ಲಿ ಎರಡೂ ಹೊಂದಿಕೊಂಡವು. ಬೆಲ್ ಎಡ ಹೆಬ್ಬೆರಳಿಗೆ ಸಿಕ್ಕಿತು. ದೀಪ ಸ್ಟೆಮ್ ಪಕ್ಕದ ದಪ್ಪ ಭಾಗಕ್ಕೆ ಬಂತು, ಕೆಳಗೆ ಹಳೆಯ ಟ್ಯೂಬಿನ ತುಂಡು ಸುತ್ತಿ. ಬ್ರೇಕ್ ಕೇಬಲ್ ಅದಕ್ಕೆ ಅಡ್ಡ ಬಂದು ರಸ್ತೆಯ ಮೇಲೆ ಹಾವಿನಂಥ ನೆರಳು ಬೀಳುತ್ತಿತ್ತು, ಇನ್ನೊಂದು ಪಕ್ಕಕ್ಕೆ ಬದಲಾಯಿಸಿದೆ.

ಮೊಬೈಲ್‌ಗೆ ಜಾಗ ಉಳಿಯಲಿಲ್ಲ. ಬೇಸರವೂ ಆಗಲಿಲ್ಲ. ಮೋಟಾರ್‌ಸೈಕಲ್ಲಿನ ಕಂಪನದಿಂದ ಐಫೋನ್ ಕ್ಯಾಮೆರಾ ಕೆಡಬಹುದೆಂದು ಆಪಲ್ 2021ರಲ್ಲಿ ಎಚ್ಚರಿಸಿತ್ತು. ನನ್ನ ಸೈಕಲ್ಲಿಗೆ ಎಂಜಿನ್ ಇಲ್ಲ, ಆದರೆ ನಮ್ಮ ರಸ್ತೆಗಳಿವೆಯಲ್ಲ! ಹೋಲ್ಡರ್ ಮೇಜಿನ ಖಾನೆ ಸೇರಿತು.

ಮುಂದಿನ ಭಾನುವಾರ ನಂದಿಯ ತಿರುವುಗಳನ್ನು ಬಾರ್ ಎಂಡ್ ಹಿಡಿದೇ ಏರಿದೆ. ಇಳಿಯುವಾಗ ಕೈ ಗ್ರಿಪ್‌ಗೆ ಮರಳಿತ್ತು, ಏಕೆಂದರೆ ಬಾರ್ ಎಂಡ್ ಹಿಡಿದರೆ ಬೆರಳಿಗೆ ಬ್ರೇಕ್ ಎಟುಕುವುದಿಲ್ಲ. ಮನೆಗೆ ಬಂದು ಅಲೆನ್ ಕೀ ಹಿಡಿದು ಒಂದೊಂದೇ ಬೋಲ್ಟ್ ಮುಟ್ಟಿ ನೋಡಿದೆ. ಎಡಗಡೆಯ ಬಾರ್ ಎಂಡ್ ಕೂದಲೆಳೆಯಷ್ಟು ತಿರುಗಿತ್ತು. ಇನ್ನು ಕಾಲು ಸುತ್ತು ಬಿಗಿದೆ.