ನಿಮ್ಮಿಷ್ಟದ ಪ್ರಾಜೆಕ್ಟಿಗೆ ಶಾಲೆಯಲ್ಲಿ ಅಂಕ ಪಡೆಯುವುದು ಹೇಗೆ?

ಮೊದಲು ಟೀಚರನ್ನು ಕೇಳಿ. ಎಸ್‌ಎಸ್‌ಎಲ್‌ಸಿ, ಸಿಬಿಎಸ್‌ಇ, ಐಸಿಎಸ್‌ಇ ಮೂರರಲ್ಲೂ ಹೆಚ್ಚಿನ ವಿಷಯಗಳಿಗೆ 20 ಅಂಕ ಶಾಲೆಯ ಕೈಯಲ್ಲೇ ಇರುತ್ತದೆ, ಹಾಗಾಗಿ ಅಂಗಡಿಯಿಂದ ಚಾರ್ಟ್ ತಂದು ಅಂಟಿಸುವ ಬದಲು ನಿಮ್ಮದೇ ವಿಷಯ ಮಾಡಬಹುದಾ ಅಂತ ಕೇಳುವುದರಲ್ಲಿ ತಪ್ಪೇನಿಲ್ಲ. ಕೆಲವು ಅಂತಾರಾಷ್ಟ್ರೀಯ ಶಾಲೆಗಳಲ್ಲಿರುವ ಐಬಿ ಡಿಪ್ಲೊಮಾದಲ್ಲಂತೂ 4,000 ಪದಗಳವರೆಗಿನ ಸ್ವಂತ ಸಂಶೋಧನಾ ಪ್ರಬಂಧ ಕಡ್ಡಾಯ.

ಜಾಸ್ತಿ ಮಕ್ಕಳು ಎಡವುವುದು ಪ್ರಶ್ನೆ ಆರಿಸುವಾಗ. 'ಬೆಂಗಳೂರಿನ ಕೆರೆಗಳು' ಅಂತ ಇಟ್ಟುಕೊಂಡರೆ ಅದು ಯಾವತ್ತೂ ಮುಗಿಯಲ್ಲ. ಸ್ಯಾಂಕಿ ಕೆರೆಯಲ್ಲಿ ಬೆಳಿಗ್ಗೆ ಕಾಣುವ ಹಕ್ಕಿಗಳಿಗೂ ಸಂಜೆ ಕಾಣುವ ಹಕ್ಕಿಗಳಿಗೂ ಏನು ವ್ಯತ್ಯಾಸ ಅಂತ ಕೇಳಿ ನೋಡಿ. ಎಲ್ಲಿ ನಿಲ್ಲಬೇಕು, ಏನು ಎಣಿಸಬೇಕು, ಎಷ್ಟು ದಿನ ಅನ್ನುವುದೆಲ್ಲ ಆ ಪ್ರಶ್ನೆಯಲ್ಲೇ ಗೊತ್ತಾಗುತ್ತದೆ, ಅಲ್ವಾ? ಇತಿಹಾಸ ಇಷ್ಟ ಅನ್ನುವವರು 1882ರಲ್ಲಿ ಆ ಕೆರೆ ಯಾಕೆ ಕಟ್ಟಿದರು ಅಂತ ಹುಡುಕಬಹುದು. ಕಬ್ಬನ್ ಪಾರ್ಕಿನ ಕೇಂದ್ರ ಗ್ರಂಥಾಲಯ ಇದೆಯಲ್ಲ, ಅಲ್ಲಿಂದ ಶುರು ಮಾಡಿ.

ಆಮೇಲೆ ಒಂದೇ ಪುಟದಲ್ಲಿ ಬರೆದುಕೊಡಿ: ಪ್ರಶ್ನೆ ಏನು, ಹೇಗೆ ಮಾಡುತ್ತೀರಿ, ಕೊನೆಗೆ ಏನು ಒಪ್ಪಿಸುತ್ತೀರಿ, ಯಾವಾಗ, ಅಂಕ ಯಾವುದಕ್ಕೆ ಎಷ್ಟು. ಟೀಚರ್ ಸಹಿ ಮಾಡಿಸಿ. ಬಾಯಿಮಾತು ಸಾಲದು, ವರ್ಷದ ಮಧ್ಯೆ ಟೀಚರ್ ಬದಲಾದರೆ ಆ ಹಾಳೆಯೇ ಆಧಾರ.

ದಿನಚರಿ ಪುಸ್ತಕ ಮಾತ್ರ ಬಿಡಬೇಡಿ. ತಾರೀಖು, ಸಮಯ, ನೋಡಿದ್ದು, ಅರ್ಥವಾಗದ್ದು ಎಲ್ಲ ಅವತ್ತೇ ಬರೆಯಿರಿ. ಕೆಲಸ ನಿಮ್ಮದೇ ಅನ್ನುವುದಕ್ಕೆ ಅದಕ್ಕಿಂತ ಒಳ್ಳೆಯ ಸಾಕ್ಷಿ ಇಲ್ಲ. ಅಂದುಕೊಂಡ ಉತ್ತರ ಬರದಿದ್ದರೂ ಸುಮ್ನೆ ತಿದ್ದಬೇಡಿ, ಬಂದದ್ದನ್ನೇ ಬರೆದು ಯಾಕೆ ಹಾಗಾಯಿತು ಅಂತ ವಿವರಿಸಿ.